ಎಂಟು ನಮೂನೆ, ಒಂದು ಫ್ಲಾಸ್ಕು

2022ರ ಫೆಬ್ರುವರಿಯ ಒಂದು ಶುಕ್ರವಾರ ಮಧ್ಯಾಹ್ನ ಮೈಸೂರಿನ ನಾವು ಎಂಟು ಜನ ಪಶ್ಚಿಮ ಕರಾವಳಿಯ ಬಂದರೊಂದರಲ್ಲಿ ಪ್ರವಾಸಿ ಹಡಗು ಹತ್ತಿದೆವು. ಹತ್ತುವ ಮೊದಲು ಎಂಟೂ ಜನರ ಆರೋಗ್ಯ ಘೋಷಣೆಯ ನಮೂನೆ ತುಂಬಿದವನು ನಾನು. ಕಳೆದ ಹದಿನಾಲ್ಕು ದಿನಗಳಲ್ಲಿ ಜ್ವರ ಬಂದಿದೆಯೇ ಎಂಬ ಪ್ರಶ್ನೆಗೆ ಎಂಟು ಹಾಳೆಯಲ್ಲೂ ‘ಇಲ್ಲ’ ಎಂದು ಬರೆದೆ. ಏಳು ಹಾಳೆಯಲ್ಲಿ ಅದು ನಿಜವಾಗಿತ್ತು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಮೈಸೂರಿನ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿದವನು. ವರದಿಗಾರರು ಕಳಿಸಿದ ಸುದ್ದಿಯಲ್ಲಿ ಹೆಸರು, ಊರು, ಹೊತ್ತು ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ಅಚ್ಚಿಗೆ ಬಿಡುವಂತಿರಲಿಲ್ಲ. ಖಚಿತವಾಗದಿದ್ದರೆ, ಈ ಬಗ್ಗೆ ಖಚಿತ ಮಾಹಿತಿ ಲಭ್ಯವಾಗಿಲ್ಲ ಎಂದು ಒಂದು ಸಾಲು ಸೇರಿಸುತ್ತಿದ್ದೆವು. ಆ ಸಾಲನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

2020ರ ಆರಂಭದಲ್ಲಿ ಯಾವ ಬಂದರೂ ಒಳಗೆ ಬಿಟ್ಟುಕೊಳ್ಳದ ಹಡಗುಗಳ ಸುದ್ದಿ ಏಜೆನ್ಸಿಯಿಂದ ದಿನವೂ ಬರುತ್ತಿತ್ತು. ಸಾವಿರಾರು ಜನ ಕ್ಯಾಬಿನ್ನಿನಲ್ಲಿ ಬೀಗ ಹಾಕಿದಂತೆ ಕೂತಿದ್ದಾರೆ, ಬಾಗಿಲಿಗೆ ಊಟ ಇಟ್ಟು ಹೋಗುತ್ತಾರೆ ಎಂದೆಲ್ಲ. ಅದನ್ನು ಕನ್ನಡಕ್ಕೆ ಇಳಿಸಿ, ಹಡಗು ಪ್ರವಾಸದ ಕಾಲ ಮುಗಿಯಿತೇ ಎಂದು ತಲೆಬರಹ ಕೊಟ್ಟು ಪುಟಕ್ಕೆ ಬಿಟ್ಟೆ. ಅದೇ ವರ್ಷ ನಿವೃತ್ತನಾದೆ. ಎರಡು ವರ್ಷ ತುಂಬುವ ಹೊತ್ತಿಗೆ ಹಡಗಿನ ಟಿಕೆಟ್ಟು ನನ್ನ ಜೇಬಿನಲ್ಲಿತ್ತು.

ಎಂಟು ಜನ ಎಂದರೆ ನಾಲ್ಕು ದಂಪತಿಗಳು. ಬನ್ನಿಮಂಟಪದ ಮೈದಾನದಲ್ಲಿ ಬೆಳಿಗ್ಗೆ ನಡೆಯುವವರ ಗುಂಪು. ಗುಂಪಿಗೆ ಹಿರಿಯರು ಮೇಷ್ಟ್ರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಇನ್ನೊಬ್ಬರು ಮಂಡಿ ಮೊಹಲ್ಲಾದಲ್ಲಿ ಮಸಾಲೆ ಪದಾರ್ಥದ ಸಗಟು ಅಂಗಡಿ ಇಟ್ಟಿದ್ದ ಸಾಹೇಬರು. ನಾಲ್ಕನೆಯ ಜೋಡಿ ಹೂಟಗಳ್ಳಿಯ ಕಾರ್ಖಾನೆಯಲ್ಲಿದ್ದ ಫೋರ್‌ಮನ್ ಮತ್ತು ಅವರ ಹೆಂಡತಿ, ಮಾತು ಕಡಿಮೆ.

ನಡಿಗೆ ಮುಗಿದ ಮೇಲೆ ನಮ್ಮಲ್ಲೊಂದು ಪದ್ಧತಿ ಇತ್ತು. ಸಾಹೇಬರ ಅಂಗಡಿಯ ಮೆಣಸು, ಹಿಪ್ಪಲಿ, ಶುಂಠಿ, ಜೀರಿಗೆ ಹಾಕಿ ಕುದಿಸಿದ ಕಷಾಯ, ಒಂದು ದೊಡ್ಡ ಸ್ಟೀಲ್ ಫ್ಲಾಸ್ಕಿನಲ್ಲಿ. ದಿನಕ್ಕೊಂದು ಮನೆಯ ಸರದಿ. ಫ್ಲಾಸ್ಕು ಕೈಯಿಂದ ಕೈಗೆ ಹೋಗಬೇಕು, ಕುಡಿಯದೆ ಯಾರೂ ಮನೆಗೆ ಹೋಗುವಂತಿಲ್ಲ. ಲಾಕ್‌ಡೌನ್ ಬಂದು ಮೈದಾನಕ್ಕೆ ಹೋಗುವುದು ನಿಂತಾಗ ಫ್ಲಾಸ್ಕು ಗೇಟಿನಿಂದ ಗೇಟಿಗೆ ಹೋಯಿತು. ಎರಡು ಅಲೆ ಕಳೆದರೂ ಎಂಟು ಜನರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಇದು ಫ್ಲಾಸ್ಕಿನ ಮಹಿಮೆ ಎಂದು ಮೊದಮೊದಲು ತಮಾಷೆಗೆ ಹೇಳುತ್ತಿದ್ದೆವು. ಆಮೇಲೆ ತಮಾಷೆಯ ದನಿ ಹೋಯಿತು, ಮಾತು ಉಳಿಯಿತು. ಹಡಗಿಗೆ ಹೊರಟಾಗ ಫ್ಲಾಸ್ಕು ಮತ್ತು ಒಂದು ಡಬ್ಬಿ ಕಷಾಯದ ಪುಡಿ ನನ್ನ ಹೆಂಡತಿಯ ಚೀಲದಲ್ಲಿದ್ದವು.

ಬುಧವಾರ ಎಲ್ಲರೂ ಗಂಟಲು ದ್ರವ ಕೊಟ್ಟು ಸೋಂಕಿಲ್ಲ ಎಂಬ ವರದಿ ಪಡೆದಿದ್ದೆವು. ಗುರುವಾರ ಬಾಡಿಗೆಯ ಟೆಂಪೋ ಟ್ರಾವೆಲರಿನಲ್ಲಿ ಹೊರಟೆವು. ಘಟ್ಟ ಇಳಿಯುವಾಗ ಮೇಷ್ಟ್ರು ಶಾಲು ಹೊದ್ದರು. ಕಷಾಯದ ಲೋಟ ನನಗೆ ದಾಟಿಸುವಾಗ ಅವರ ಬೆರಳು ನನ್ನ ಕೈಗೆ ತಾಗಿತು. ಬಿಸಿಯಾಗಿದ್ದದ್ದು ಲೋಟವಲ್ಲ, ಕಷಾಯ ಆಗಲೇ ಆರಿತ್ತು.

“ಏನ್ ಮೇಷ್ಟ್ರೇ, ಮೈ ಸುಡ್ತಿದೆಯಲ್ಲ?”

“ಬುಡ್ರೀ, ಎಸಿ ಗಾಳಿ ಕಣ್ರೀ ಇದು. ಒಂದು ಮಾತ್ರೆ ನುಂಗಿದ್ರೆ ಸರಿಹೋಗುತ್ತೆ.”

ಅವರ ಹೆಂಡತಿ ಚೀಲದಿಂದ ಮಾತ್ರೆಯ ಹಾಳೆ ತೆಗೆದರು. ಅದರಲ್ಲಿ ಆಗಲೇ ಎರಡು ಗುಳಿ ಖಾಲಿಯಾಗಿದ್ದವು.

ಶುಕ್ರವಾರ ಬಂದರಿನ ಕಾಯುವ ಕೋಣೆಯಲ್ಲಿ ನಮೂನೆ ಕೊಟ್ಟರು. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲಿ ಹೋದರೂ ಎಲ್ಲರ ಅರ್ಜಿಯನ್ನು ನಾನೇ ತುಂಬುವುದು ರೂಢಿ. ನಮೂನೆಯ ಕೆಳಗೆ ಒಂದು ನಿಯಮ ಇತ್ತು. ಜೊತೆಯಾಗಿ ಬಂದ ಗುಂಪಿನಲ್ಲಿ ಒಬ್ಬರಿಗೆ ಲಕ್ಷಣ ಇದ್ದರೆ ಇಡೀ ಗುಂಪನ್ನು ಹಡಗಿಗೆ ಹತ್ತಿಸುವುದಿಲ್ಲ. ಅದನ್ನು ಗಟ್ಟಿಯಾಗಿ ಓದಿದೆ.

“ಒಬ್ಬನ ದೆಸೆಯಿಂದ ಎಂಟು ಜನ ವಾಪಸ್ ಹೋಗೋಣ್ವಾ? ನೀವೇ ಹೇಳಿ” ಎಂದರು ಮೇಷ್ಟ್ರು.

ನನ್ನ ಹೆಂಡತಿ ಕಿಟಕಿಯಾಚೆ ಹಡಗನ್ನು ನೋಡುತ್ತಿದ್ದಳು. ಬಿಳಿ ಬಣ್ಣದ ಅದು ನಾಲ್ಕೈದು ಮಹಡಿಯ ಹೋಟೆಲಿನ ಹಾಗೆ ನಿಂತಿತ್ತು. ನಾನು ಬರೆದೆ.

ಮೇಷ್ಟ್ರು ಕರವಸ್ತ್ರವನ್ನು ನೀರಿನ ಬಾಟಲಿಯಲ್ಲಿ ಒದ್ದೆ ಮಾಡಿ ಹಣೆ ಒರೆಸಿಕೊಂಡರು. “ಆ ಜ್ವರ ನೋಡೋ ಗನ್ನು ಅಳೆಯೋದು ಚರ್ಮದ ಉಷ್ಣತೆ ಕಣ್ರೀ, ಒಳಗಿಂದಲ್ಲ. ಎಂಟನೇ ಕ್ಲಾಸಿನ ಪಾಠ.” ಸಾಲಿನಲ್ಲಿ ನಿಂತು ನಾವು ನಕ್ಕೆವು. ಗನ್ನು ಹಿಡಿದವರು ಹಣೆಗೆ ತೋರಿಸಿ, ಕೈ ಬೀಸಿ ಒಳಗೆ ಬಿಟ್ಟರು.

ನಮ್ಮ ನಾಲ್ಕು ಕ್ಯಾಬಿನ್ನುಗಳೂ ಒಂದೇ ಓಣಿಯಲ್ಲಿದ್ದವು. ಆ ಓಣಿಯನ್ನು ನೋಡಿಕೊಳ್ಳುತ್ತಿದ್ದವರು ಕಾರವಾರದ ಕಡೆಯ ಹೆಂಗಸು, ನಲವತ್ತರ ಆಸುಪಾಸು. ನೀಲಿ ಕೈಗವಸು, ಎರಡು ಮಾಸ್ಕು. ನಾವು ಕನ್ನಡ ಆಡುವುದು ಕೇಳಿ ಕಣ್ಣಲ್ಲೇ ನಕ್ಕರು.

“ಇಪ್ಪತ್ತು ತಿಂಗಳು ಮನೆಯಲ್ಲಿ ಕೂತಿದ್ದೆ ಸರ್. ಹಡಗೆಲ್ಲ ನಿಂತಿತ್ತು ಅಲ್ಲವಾ. ಈಗ ವಾಪಸ್ ಕರೆದಿದ್ದಾರೆ, ಆರು ತಿಂಗಳ ಕರಾರು. ಇದು ಸರಿ ಹೋದ್ರೆ ಮುಂದಿನದು ಕೊಡ್ತಾರೆ.”

“ಇನ್ನು ಜನ ಬರ್ತಾರಾ ಹಡಗಿಗೆ?” ಎಂದು ಕೇಳಿದೆ. ನನ್ನ ಹಳೆಯ ತಲೆಬರಹ ನೆನಪಾಗಿತ್ತು.

“ಬರದೆ ಎಂತ ಸರ್? ನೀವು ಬರಲಿಲ್ಲವಾ?”

ಅಂದು ಸಂಜೆ ಊಟದ ಹಾಲಿಗೆ ಹೋದೆವು. ಬಾಗಿಲಲ್ಲಿ ಸಿಬ್ಬಂದಿ ನೋಡುತ್ತಿರುವಾಗ ಜನ ಎರಡು ಮಾರು ದೂರ ನಿಂತರು. ಒಳಗೆ ಹೋದ ಮೇಲೆ ದೋಸೆ ಹುಯ್ಯುವ ಕಡೆ ಒಬ್ಬರ ಭುಜಕ್ಕೆ ಒಬ್ಬರು ಒತ್ತಿಕೊಂಡರು. ಮಾಸ್ಕು ಗದ್ದದ ಕೆಳಗಿತ್ತು. ಒಬ್ಬರು ಅದನ್ನು ಮೊಣಕೈಗೆ ಸಿಕ್ಕಿಸಿಕೊಂಡಿದ್ದರು. ಅಂತರ ಕಾಯ್ದುಕೊಳ್ಳಿ ಎಂದು ಮೂರು ಭಾಷೆಯಲ್ಲಿ ಧ್ವನಿವರ್ಧಕ ಹೇಳುತ್ತಿತ್ತು, ಅದರ ಕೆಳಗೇ ಅಂತ್ಯಾಕ್ಷರಿ ನಡೆಯುತ್ತಿತ್ತು. ಇದನ್ನೆಲ್ಲ ನಾನು ಅಭ್ಯಾಸಬಲದಿಂದ ಗುರುತು ಹಾಕಿಕೊಂಡೆ. ಮೇಷ್ಟ್ರು ಊಟಕ್ಕೆ ಬರಲಿಲ್ಲ. ಅವರು ಯಾಕೆ ಬರಲಿಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಲಿಲ್ಲ.

ಶನಿವಾರ ಮಧ್ಯಾಹ್ನ, ಮೇಲಿನ ಮಹಡಿಯ ಪ್ರಯಾಣಿಕರೊಬ್ಬರಿಗೆ ಸೋಂಕು ಇದೆ, ಎಲ್ಲರೂ ಕ್ಯಾಬಿನ್ ಒಳಗೇ ಇರಬೇಕು ಎಂದು ಪ್ರಕಟಣೆ ಆಯಿತು. ಯಾವುದನ್ನೂ ಒಂದು ಕ್ಯಾಬಿನ್ನಿನಿಂದ ಇನ್ನೊಂದಕ್ಕೆ ಕೊಂಡೊಯ್ಯುವಂತಿಲ್ಲ ಎಂದೂ ಹೇಳಿದರು. ಹಡಗು ಹೊರಟ ಬಂದರಿಗೆ ಕೂಡಲೇ ಹಿಂತಿರುಗಲು ಅನುಮತಿ ಸಿಕ್ಕಿರಲಿಲ್ಲ. ಗುಂಡನೆಯ ಕಿಟಕಿಯಲ್ಲಿ ನೀರು ಮಾತ್ರ ಕಾಣುತ್ತಿತ್ತು. ಗೋಡೆಯಾಚೆ ಮೇಷ್ಟ್ರ ಕೆಮ್ಮು ಕೇಳುತ್ತಿತ್ತು.

ಸಂಜೆ ಸಾಹೇಬರ ಫೋನು ಬಂತು, ಆಮೇಲೆ ಮೇಷ್ಟ್ರ ಹೆಂಡತಿಯದು. ಇಬ್ಬರೂ ಕೇಳಿದ್ದು ಒಂದೇ. ಫ್ಲಾಸ್ಕು ಎಲ್ಲಿ?

ನನ್ನ ಹೆಂಡತಿ ಕ್ಯಾಬಿನ್ನಿನ ಕೆಟಲಿನಲ್ಲಿ ನೀರು ಕಾಯಿಸಿ ಪುಡಿ ಹಾಕಿದಳು. ಊಟದ ತಟ್ಟೆ ಇಡಲು ಬಂದ ಕಾರವಾರದ ಹೆಂಗಸನ್ನು ಬಾಗಿಲಲ್ಲೇ ನಿಲ್ಲಿಸಿದೆವು.

“ಇಲ್ಲ ಅಮ್ಮ, ಇದು ಮಾಡೂಕೆ ಆಗೂದಿಲ್ಲ. ಕಂಡ್ರೆ ನನ್ನ ಕೆಲಸಕ್ಕೇ ಕುತ್ತು ಬರ್ತದೆ.”

“ಒಂದೊಂದು ಲೋಟ ಕಷಾಯ ಅಷ್ಟೇ ಕಣಮ್ಮ” ಎಂದಳು ನನ್ನ ಹೆಂಡತಿ. “ಪಕ್ಕದಲ್ಲಿ ಪಾಪ, ಅವರು ಕೆಮ್ಮಿ ಕೆಮ್ಮಿ ಸಾಯ್ತಿದಾರೆ. ನಿಮ್ಮ ಮನೇಲಿ ಹಿರಿಯರಿದ್ದಿದ್ರೆ ನೀವು ಕೊಡ್ತಿರ್ಲಿಲ್ವಾ?”

ಆಕೆ ಓಣಿಯ ಎರಡೂ ಕೊನೆ ನೋಡಿದರು. ಆಮೇಲೆ ಫ್ಲಾಸ್ಕನ್ನು ಟವಲಿನ ಕೆಳಗೆ ಇಟ್ಟುಕೊಂಡು ಹೋದರು. ಮೂರು ಬಾಗಿಲು ತೆರೆದು ಮುಚ್ಚಿದ ಶಬ್ದ ಕೇಳಿಸಿತು. ಮೇಷ್ಟ್ರ ಬಾಗಿಲು ಮುಚ್ಚಲು ಹೊತ್ತಾಯಿತು. ಅವರಿಗೆ ಏಳಲು ಆಗುತ್ತಿರಲಿಲ್ಲ, ಆಕೆಯೇ ತಲೆ ಎತ್ತಿ ಹಿಡಿದು ಕುಡಿಸಿದರಂತೆ. ಭಾನುವಾರವೂ ಎರಡು ಸಲ ಫ್ಲಾಸ್ಕು ಹೀಗೇ ಹೋಯಿತು, ಎರಡನೆಯ ಸಲ ತೊಳೆದು ಕೊಡುತ್ತೇನೆ ಎಂದು ಆಕೆ ಇಟ್ಟುಕೊಂಡರು. ಆಕೆಗೂ ಕಷಾಯದ ರುಚಿ ಹಿಡಿಸಿತ್ತು. ಪುಡಿ ಕಳಿಸಿಕೊಡುತ್ತೇನೆ ಎಂದು ನನ್ನ ಹೆಂಡತಿ ಮಾತು ಕೊಟ್ಟಳು. ದಿನದ ಕಾರ್ಯಕ್ರಮ ಅಚ್ಚುಮಾಡಿದ ಹಾಳೆಯ ಹಿಂದೆ ಆಕೆ ವಿಳಾಸ ಬರೆದುಕೊಟ್ಟರು. ದುಂಡನೆಯ, ಶಾಲೆಯ ಅಕ್ಷರ.

ಸೋಮವಾರ ಹಡಗಿನ ವೈದ್ಯರು ಎಲ್ಲರನ್ನೂ ಪರೀಕ್ಷೆ ಮಾಡಿದರು. ಮೇಷ್ಟ್ರಿಗೂ ಅವರ ಹೆಂಡತಿಗೂ ಸೋಂಕು ಇತ್ತು. ಉಳಿದ ಆರು ಜನರಿಗೆ ಇರಲಿಲ್ಲ. ಮಂಗಳವಾರ ಸಿಬ್ಬಂದಿಯ ಪರೀಕ್ಷೆ. ಬೆಳಿಗ್ಗೆ ತಿಂಡಿ ಇಟ್ಟು ಹೋದದ್ದು ಬೇರೆ ಯಾರೋ.

ಹನ್ನೊಂದರ ಸುಮಾರಿಗೆ ಕ್ಯಾಬಿನ್ನಿನ ಫೋನು ರಿಂಗಾಯಿತು. ಅದರ ರಿಂಗು ಎರಡೆರಡು ಸಲ ಚಿಕ್ಕದಾಗಿ ಹೊಡೆದು ನಿಲ್ಲುತ್ತಿತ್ತು.

“ಸರ್, ನಾನು. ನನಗೆ ಪಾಸಿಟಿವ್ ಬಂದಿದೆ. ಕೆಳಗೆ ಬೇರೆ ರೂಮಿನಲ್ಲಿ ಇಟ್ಟಿದ್ದಾರೆ.”

“ಹುಷಾರಾಗಿದೀರಾ?”

“ಮೈಗೆ ಎಂತ ಇಲ್ಲ ಸರ್. ನಾನು ಫ್ಲಾಸ್ಕು ತಕೊಂಡು ಹೋದದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ನಾನೇ ರೂಲು ಮುರಿದು ನಿಮ್ಮ ಕಡೆ ಸೋಂಕು ತಂದದ್ದು ಹೇಳಿ ಕಂಪನಿಯವರು ಬರೀತಾರೆ. ಹಾಗೆ ಬರೆದ್ರೆ ಕರಾರು ಮುಗೀತು, ಮತ್ತೆ ಯಾವ ಹಡಗಲ್ಲೂ ತಕೊಳ್ಳೂದಿಲ್ಲ. ಪ್ರಯಾಣಿಕರಿಗೆ ಹತ್ತುವಾಗಲೇ ಜ್ವರ ಇತ್ತು ಅಂದ್ರೆ ನನ್ನ ಮೇಲೆ ಬರೂದಿಲ್ಲ. ಬಸ್ಸಲ್ಲೇ ಜ್ವರ ಇತ್ತು ಹೇಳಿ ಮೇಷ್ಟ್ರ ಹೆಂಡ್ತಿ ನನ್ನತ್ರ ಹೇಳಿದಾರೆ. ಎಂಟೂ ಫಾರಂ ನಿಮ್ಮ ಕೈಯಕ್ಷರ, ನಿಮ್ಮನ್ನೇ ಕೇಳೂದು. ಇದ್ದದ್ದು ಬರೀರಿ ಸರ್. ಅಷ್ಟು ಸಾಕು.”

ನಾನು “ನೋಡ್ತೀನಿ ಕಣಮ್ಮ” ಎಂದೆ.

ಇಟ್ಟ ಕೂಡಲೇ ಮತ್ತೆ ಎರಡೆರಡು ರಿಂಗು. ಮೇಷ್ಟ್ರು. ದನಿ ಹೂತುಹೋಗಿತ್ತು. “ಸುಳ್ಳು ಘೋಷಣೆ ಕೊಟ್ರೆ ಕೇಸು ಹಾಕ್ತಾರಂತೆ ಕಣ್ರೀ. ನನ್ನ ಮೇಲಷ್ಟೇ ಅಲ್ಲ, ಬರೆದೋರ ಮೇಲೂ. ಯೋಚ್ನೆ ಮಾಡಿ.”

ಮಧ್ಯಾಹ್ನ ಅಧಿಕಾರಿಯೊಬ್ಬರು ಪೂರ್ತಿ ಮೈಮುಚ್ಚುವ ಬಿಳಿ ಅಂಗಿಯಲ್ಲಿ ಬಂದು ಬಾಗಿಲಲ್ಲೇ ನಿಂತು ಹಾಳೆ, ಪೆನ್ನು ಕೊಟ್ಟರು. ನಿಮ್ಮ ಗುಂಪಿನ ಹಿರಿಯರಿಗೆ ಹಡಗು ಹತ್ತುವ ಮುನ್ನ ಜ್ವರ ಇತ್ತೇ? ಒಂದೇ ಪ್ರಶ್ನೆ. ನನಗೆ ಲೋಟ ಕೊಟ್ಟ ಬಿಸಿ ಬೆರಳು ಗೊತ್ತಿತ್ತು. ಮಾತ್ರೆಯ ಖಾಲಿ ಗುಳಿ ಗೊತ್ತಿತ್ತು. ಒದ್ದೆ ಕರವಸ್ತ್ರ ಗೊತ್ತಿತ್ತು. ಥರ್ಮಾಮೀಟರು ಇಟ್ಟು ನೋಡಿರಲಿಲ್ಲ ಎಂಬುದೂ ಗೊತ್ತಿತ್ತು. ‘ಈ ಬಗ್ಗೆ ನನಗೆ ಖಚಿತ ಮಾಹಿತಿ ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಹೆಂಡತಿ ಓದಿ, ಹಾಳೆಯನ್ನು ಅಧಿಕಾರಿಯ ಕೈಗೆ ಕೊಟ್ಟಳು.

ಬುಧವಾರ ಇಳಿದೆವು. ಮೇಷ್ಟ್ರನ್ನೂ ಅವರ ಹೆಂಡತಿಯನ್ನೂ ಆಂಬುಲೆನ್ಸಿನಲ್ಲಿ ಕರೆದೊಯ್ದರು. ಹಡಗುಕಟ್ಟೆಯ ಇನ್ನೊಂದು ಬದಿಯಲ್ಲಿ ವ್ಯಾನಿನ ಹತ್ತಿರ ಆ ಹೆಂಗಸು ಪೆಟ್ಟಿಗೆಯ ಮೇಲೆ ಕೂತಿದ್ದರು. ಸಮವಸ್ತ್ರ ಇರಲಿಲ್ಲ, ಹಸಿರು ಚೂಡಿದಾರ. ನಾವು ಬಸ್ಸು ಹತ್ತುವವರೆಗೂ ನಮ್ಮ ಕಡೆ ನೋಡುತ್ತಿದ್ದರು. ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಬಸ್ಸಿನಲ್ಲಿ ನಮ್ಮ ಸಾಮಾನಿನ ಜೊತೆ ಒಂದು ಮೊಹರು ಹಾಕಿದ ಪ್ಲಾಸ್ಟಿಕ್ ಚೀಲ ಇತ್ತು. ಒಳಗೆ ಫ್ಲಾಸ್ಕು. ತೊಳೆದು, ಒರೆಸಿ, ಮುಚ್ಚಳವನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ ಇಟ್ಟಿದ್ದರು.

ಮೇಷ್ಟ್ರು ಮೂರು ವಾರದಲ್ಲಿ ಗುಣವಾಗಿ ಬಂದರು. ಬನ್ನಿಮಂಟಪದ ನಡಿಗೆ ಮತ್ತೆ ಶುರುವಾಯಿತು, ಕಷಾಯವೂ ಶುರುವಾಯಿತು. ನಾನು ಹೊಟ್ಟೆ ಉರಿ ಎಂದು ಹೇಳಿ ಕುಡಿಯುವುದು ಬಿಟ್ಟೆ. ಸೋಂಕು ಯಾರಿಂದ ಯಾರಿಗೆ ಹೋಯಿತು ಎಂದು ಯಾರೂ ಕಂಡಿಲ್ಲ, ಬೇರೆ ಓಣಿಗಳಲ್ಲೂ ಅದು ಇತ್ತು. ಇದನ್ನು ನನಗೆ ನಾನೇ ಎಷ್ಟೋ ಬೆಳಿಗ್ಗೆ ಹೇಳಿಕೊಂಡಿದ್ದೇನೆ. ನನ್ನನ್ನು ಕೇಳಿದ್ದು ಆ ಪ್ರಶ್ನೆಯನ್ನಲ್ಲ.

ಮೈದಾನದ ಅಂಚಿನಲ್ಲಿ ಪಾಲಿಕೆಯ ಹೆಂಗಸರು ಕಸ ಗುಡಿಸುತ್ತಾರೆ. ಕೆಲವರು ನೀಲಿ ಕೈಗವಸು ಹಾಕಿಕೊಂಡಿರುತ್ತಾರೆ. ಅವರಲ್ಲೊಬ್ಬರು ಸೊಂಟ ನೆಟ್ಟಗೆ ಮಾಡಿ ಈ ಕಡೆ ನೋಡಿದರೆ ನನ್ನ ಹೆಜ್ಜೆ ನಿಲ್ಲುತ್ತದೆ. ಬ್ಯಾಂಕಿನಲ್ಲಿ, ದಂತವೈದ್ಯರ ಕ್ಲಿನಿಕ್ಕಿನಲ್ಲಿ, ಎಲ್ಲೇ ಆದರೂ ಹಳೆಯ ಫೋನು ಎರಡೆರಡು ಸಲ ರಿಂಗಾದರೆ ನಾನು ಏಳುತ್ತೇನೆ. “ನಿಮಗಲ್ಲ ಸಾರ್, ಕೂತ್ಕೊಳ್ಳಿ” ಎಂದು ಒಂದು ಸಲ ಗುಮಾಸ್ತೆ ಹೇಳಿದಳು. ವಿಳಾಸದ ಹಾಳೆ ನಮ್ಮ ಅಡುಗೆಮನೆಯಲ್ಲಿ, ಪುಡಿಯ ಡಬ್ಬಿಯ ಕೆಳಗೆ ಇತ್ತು. ಹೆಂಡತಿ ಡಬ್ಬಿ ಖಾಲಿಯಾದಾಗಲೆಲ್ಲ ತುಂಬಿಸುತ್ತಿದ್ದಳು, ಹಾಳೆಯನ್ನು ಅಲ್ಲೇ ಬಿಡುತ್ತಿದ್ದಳು. ಪುಡಿ ಕಳಿಸುವ ಮಾತು ನಮ್ಮಿಬ್ಬರಲ್ಲಿ ಯಾರೂ ಎತ್ತಲಿಲ್ಲ.

2024ರ ಕೊನೆಯಲ್ಲಿ ಮೇಷ್ಟ್ರು ಒಂದು ಬಣ್ಣದ ಕಾಗದ ಹಿಡಿದುಕೊಂಡು ಮೈದಾನಕ್ಕೆ ಬಂದರು. ಹೊಸ ಹಡಗು, ಹೊಸ ದಾರಿ. “ಎಂಟು ಜನ ಅಂದ್ರೆ ರಿಯಾಯಿತಿ ಅಂತೆ ಕಣ್ರೀ. ಫಾರಂ ನೀವೇ ತುಂಬ್ಬೇಕು, ನಿಮ್ಮ ಅಕ್ಷರನೇ ಲಕ್ಕಿ.”

“ಮೊದಲು ಹಳೇದು ಒಂದು ಬರೆಯೋದಿದೆ” ಎಂದೆ. ಏನೆಂದು ಹೇಳಿದೆ.

ಮೇಷ್ಟ್ರು ಕಾಗದ ಮಡಿಸಿದರು. “ಮೂರು ವರ್ಷ ಆಗ್ತಾ ಬಂತು. ಈಗ್ಯಾಕೆ ಕೆದಕ್ತೀರಿ? ಆಯಮ್ಮನಿಗೆ ಬೇರೆ ಎಲ್ಲೋ ಕೆಲಸ ಸಿಕ್ಕಿರುತ್ತೆ ಬುಡಿ. ಅಷ್ಟಕ್ಕೂ ನನ್ನ ಜ್ವರಕ್ಕೆ ಸಾಕ್ಷಿ ಏನಿದೆ ನಿಮ್ಮತ್ರ?”

“ನಾನಿದೀನಲ್ಲ” ಎಂದರು ಸಾಹೇಬರು. ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. “ಅರೆ ಮೇಷ್ಟ್ರೇ, ಘಟ್ಟದಲ್ಲಿ ಶಾಲು ಹೊದ್ಕೊಂಡು ಹಲ್ಲು ಕಟಕಟ ಅನ್ನಿಸ್ತಿದ್ರಲ್ಲ, ನಾನೇನು ಕುರುಡನಾ? ಬರೀರಿ ಜನಾಬ್, ನಾನೂ ದಸ್ಕತ್ತು ಹಾಕ್ತೀನಿ.”

“ನೀವೂ ಶುರು ಮಾಡಿದ್ರಾ?” ಎಂದರು ಮೇಷ್ಟ್ರು.

“ಆವತ್ತು ಕೇಳಿದ್ರೆ ಆವತ್ತೇ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ. ಫಾರಮ್ಮು ನನ್ನ ಅಕ್ಷರ ಅಲ್ವಲ್ಲ” ಎಂದು ಸಾಹೇಬರು ನನ್ನ ಕಡೆ ನೋಡಿದರು. ಅಂದು ಮೇಷ್ಟ್ರು ಕಷಾಯ ಕುಡಿಯದೆ ಮನೆಗೆ ಹೋದರು. ನನ್ನನ್ನು ಬಿಟ್ಟರೆ ಗುಂಪಿನ ಇತಿಹಾಸದಲ್ಲಿ ಅದು ಮೊದಲು.

ಅದೇ ದಿನ ಕೂತು ಬರೆದೆ. ಗುರುವಾರ ಮಧ್ಯಾಹ್ನ ಘಟ್ಟದಲ್ಲಿ ಕಂಡದ್ದು, ಮಾತ್ರೆ, ಕರವಸ್ತ್ರ, ಎಂಟು ‘ಇಲ್ಲ’, ಫ್ಲಾಸ್ಕು ಒಯ್ಯುವಂತೆ ಬಲವಂತ ಮಾಡಿದವರು ನಾವು ಎಂಬುದು, ಕೊನೆಗೆ ನನ್ನ ಹೇಳಿಕೆ ಸುಳ್ಳು ಎಂಬುದು. ಒಂದು ಪುಟದಲ್ಲಿ ಮುಗಿಯಿತು. ನನ್ನ ಸಹಿಯ ಕೆಳಗೆ ಸಾಹೇಬರು ಕನ್ನಡದಲ್ಲೂ ಉರ್ದುವಿನಲ್ಲೂ ಸಹಿ ಹಾಕಿದರು. ಎರಡು ಪ್ರತಿ ಮಾಡಿ ಒಂದನ್ನು ಹಡಗಿನ ಕಂಪನಿಗೆ, ಇನ್ನೊಂದನ್ನು ಹಾಳೆಯ ಹಿಂದಿನ ವಿಳಾಸಕ್ಕೆ ಕಳಿಸಿದೆ. ಎರಡೂ ರಿಜಿಸ್ಟರ್ ಅಂಚೆ, ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡು ಬರುವ ಸ್ವೀಕೃತಿ ಚೀಟಿಯ ಸಮೇತ. ಕಾರವಾರದ ಲಕೋಟೆಯಲ್ಲಿ ನನ್ನ ಹೆಂಡತಿ ಒಂದು ಪೊಟ್ಟಣ ಪುಡಿ ಇಟ್ಟಳು. ಕೌಂಟರಿನಲ್ಲಿ ಕೇಳಿದ್ದಕ್ಕೆ ಕಷಾಯದ ಪುಡಿ ಎಂದೆ. ತೂಕ ಹಾಕಿ ಮುದ್ರೆ ಒತ್ತಿದರು.

ಕಂಪನಿಯಿಂದ ಮೂರು ಸಾಲಿನ ಉತ್ತರ ಬಂತು. ಆ ಅವಧಿಯ ಆರೋಗ್ಯ ನಮೂನೆ ಮತ್ತು ಹೇಳಿಕೆಗಳನ್ನು ನಿಯಮದ ಪ್ರಕಾರ ನಾಶಪಡಿಸಲಾಗಿದೆ, ಸದರಿ ಕರಾರು ನೌಕರರು ಈಗ ಸಂಸ್ಥೆಯಲ್ಲಿಲ್ಲ, ತಮ್ಮ ಪತ್ರವನ್ನು ಕಡತದಲ್ಲಿ ಇರಿಸಿಕೊಳ್ಳಲಾಗಿದೆ.

ಮೇಷ್ಟ್ರು ಮತ್ತು ಅವರ ಹೆಂಡತಿ, ಫೋರ್‌ಮನ್ ಮತ್ತು ಅವರ ಹೆಂಡತಿ ಹೊಸ ಹಡಗಿನಲ್ಲಿ ಹೋಗಿಬಂದರು. ಹೊರಡುವ ಮುನ್ನ ಫೋರ್‌ಮನ್ ತಮ್ಮ ಅರ್ಜಿ ತಂದು, ಸರಿಯಾಗಿ ತುಂಬಿದ್ದೇನಾ ನೋಡಿ ಎಂದು ಕೊಟ್ಟರು. ಎರಡು ಪುಟ. ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿ ಬೇಕೇ ಬೇಡವೇ ಎಂಬ ಪ್ರಶ್ನೆ ಇತ್ತು. ಜ್ವರದ ಪ್ರಶ್ನೆ ಇರಲಿಲ್ಲ.

ಕಾರವಾರಕ್ಕೆ ಕಳಿಸಿದ ಪತ್ರದ ಸ್ವೀಕೃತಿ ಚೀಟಿ ಹನ್ನೊಂದನೆಯ ದಿನ ನಮ್ಮ ಮನೆಗೆ ಬಂತು. ಪಡೆದವರ ಸಹಿ ಇರುವ ಜಾಗದಲ್ಲಿ ಕನ್ನಡದಲ್ಲಿ ಪೂರ್ತಿ ಹೆಸರು ಬರೆದಿತ್ತು. ಡಬ್ಬಿಯ ಕೆಳಗಿನ ಹಾಳೆ ತಂದು ಪಕ್ಕದಲ್ಲಿಟ್ಟು ನೋಡಿದೆ. ಅದೇ ದುಂಡನೆಯ ಅಕ್ಷರ. ಪತ್ರಕ್ಕೆ ಈವರೆಗೆ ಉತ್ತರ ಬಂದಿಲ್ಲ.